ಸೀಸದ ಅಕ್ಷರ

ಬೆಳಗಿನ ಐದೂವರೆ. ಸೇತುವೆ ಕೂಗಿದರೆ
ಅದಿರು ತುಂಬಿಕೊಳ್ಳಲು ಹಡಗು ಬಂತು ಎಂದು ಅರ್ಥ.
ಡುಲೂತಿನಲ್ಲಿ ನವೆಂಬರ್ ಅಂದರೆ
ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚು.

ನಾನು ಮೊದಲು ನೋಡುವುದು ಎಲುಬನ್ನಲ್ಲ, ಪಾಳಿಯ ಪಟ್ಟಿಯನ್ನು.
ಡಾರ್ಲೀನಳ ಮಗುವಿಗೆ ಕಿವಿನೋವು, ಬರುವುದಿಲ್ಲ.
ಕ್ವೆಂಟಿನ್ ನಿನ್ನೆ ಮಧ್ಯಾಹ್ನದಿಂದ ನಿಂತೇ ಇದ್ದಾನೆ,
ಕಾಫಿ ಹಿಡಿದ ಕೈಯನ್ನು ಬೇರೆ ಯಾರದೋ ಎನ್ನುವಂತೆ ನೋಡುತ್ತಾನೆ.
ಮೂರನೇ ಕೋಣೆಯ ಯಂತ್ರ ಮತ್ತೆ ಮುನಿಸಿಕೊಂಡಿದೆ,
ನಾನೇ ಹೋಗಿ ನಾಲ್ಕು ಒಳ್ಳೆಯ ಮಾತಾಡಬೇಕು.
ಹಿರಿಯ ತಂತ್ರಜ್ಞೆ ಅಂತ ಎದೆಯ ಮೇಲೆ ಬರೆದಿದ್ದಾರೆ.
ಹಿರಿತನ ಅಂದರೆ ಯಾರೂ ಬಾರದ ದಿನ ಬರುವವಳು,
ಅಷ್ಟೇ.

ಹೊಸ ಹುಡುಗಿ ಇನೆಜ್, ನಿನ್ನೆ,
ಎಡ ಮೊಣಕೈಗೆ ಬಲದ ಅಕ್ಷರ ಅಂಟಿಸಿದ್ದಳು.
ಅಳಬೇಡ ಎಂದೆ. ಆಮೇಲೆ, ಸ್ವಲ್ಪ ಅಳು ಎಂದೆ.
ಇಲ್ಲಿ ಅಕ್ಷರ ತಪ್ಪಿದರೆ ಅಲ್ಲಿ ಕತ್ತಿ ತಪ್ಪುತ್ತದೆ.
ಎರಡೇ ಅಕ್ಷರ ನಮ್ಮ ವರ್ಣಮಾಲೆ, ಎಡ, ಬಲ,
ಸೀಸದಲ್ಲಿ ಎರಕ ಹೊಯ್ದದ್ದು,
ಕೆಳಗೆ ಚಿಕ್ಕದಾಗಿ ಅವರವರ ಹೆಸರಿನ ಮೊದಲಕ್ಷರ.
ಬೆಳಕು ಮಾಂಸವನ್ನು ದಾಟುತ್ತದೆ, ಅಂಗಿಯನ್ನು, ಮುದುಕರ ಮುಜುಗರವನ್ನೂ;
ಸೀಸದ ಮುಂದೆ ಮಾತ್ರ ನಿಂತುಬಿಡುತ್ತದೆ.

ನನಗೆ ಇದನ್ನು ಕಲಿಸಿದವರು ಆರ್ವೊ ಲಾಹ್ತಿನೆನ್.
ರಾಸಾಯನಿಕದ ತೊಟ್ಟಿಯಲ್ಲಿ ಫಿಲ್ಮು ಅದ್ದುತ್ತಿದ್ದ ಕಾಲದವರು,
ಬೆರಳ ತುದಿಗಳು ಕೊನೆಯವರೆಗೂ ಕಂದು.
‘ಮುಖ ಬಾಗಿಲಿನ ಹಾಗಿರಲಿ, ಸೊಲ್ವೇ,
ಮುಚ್ಚಿರಬೇಕು, ಚಿಲಕ ಹಾಕಿರಬಾರದು.
ಕಂಡದ್ದನ್ನು ಹೇಳುವ ಕೆಲಸ ಡಾಕ್ಟರದು,
ಕಂಡೂ ನಿಂತಿರುವ ಕೆಲಸ ನಮ್ಮದು.’
ನಿವೃತ್ತಿಯ ದಿನ ತಮ್ಮ ಎರಡು ಅಕ್ಷರಗಳನ್ನು
ಕೇಕಿನ ತಟ್ಟೆಯಲ್ಲಿಟ್ಟು ನನ್ನತ್ತ ತಳ್ಳಿದ್ದರು.

ಇವತ್ತು ಹತ್ತು ಗಂಟೆಗೆ ಚೀಟಿ ಹಿಡಿದು ಅವರೇ ಬಂದರು.
ಎರಡು ತಿಂಗಳ ಕೆಮ್ಮು. ಎದೆ, ಎರಡು ಭಂಗಿ.

ಹೇಳಿಸಿಕೊಳ್ಳಲಿಲ್ಲ. ಗೋಡೆಗೆ ಎದೆಯೊತ್ತಿ,
ಗಲ್ಲ ಎತ್ತಿ, ಅಂಗೈ ಹೊರಗಾಗಿ ಸೊಂಟಕ್ಕಿಟ್ಟು,
ಭುಜ ಮುಂದಕ್ಕೆ ಉರುಳಿಸಿ ನಿಂತರು,
ಸಾವಿರಾರು ಜನರನ್ನು ನಿಲ್ಲಿಸಿದ ಹಾಗೆ ತಮ್ಮನ್ನೇ ನಿಲ್ಲಿಸಿ.
‘ನನ್ನ ಅಕ್ಷರ ಇದೆಯಾ ಇನ್ನೂ?’
ನಿಯಮದಲ್ಲಿ ಇಲ್ಲ. ಜೇಬಿನಲ್ಲಿ ಇತ್ತು.
ಅದನ್ನೇ ಅಂಟಿಸಿದೆ.

ಗಾಜಿನ ಹಿಂದೆ ಹೋಗಿ ಹೇಳಿದೆ:
ಉಸಿರು ಎಳೆದುಕೊಳ್ಳಿ. ಹಿಡಿಯಿರಿ.
ಅವರು ಹಿಡಿದರು, ಹಳೆಯ ಶಿಸ್ತು,
ಬಿಡಿ ಎನ್ನಲು ನಾನು ತಡಮಾಡಿದರೂ.

ನಾಲ್ಕು ಸೆಕೆಂಡಿಗೆ ಪರದೆ ತೆರೆಯಿತು.
ಮೂಲೆಯಲ್ಲಿ ಬಿಳಿಯಾಗಿ ಬಲದ ಗುರುತು, ಕೆಳಗೆ ಎ.ಎಲ್.,
ಅದರಿಂದ ಮೂರು ಬೆರಳು ಆಚೆ, ಮೇಲುಗಡೆ,
ಅಲ್ಲಿ ಇರಬಾರದಿದ್ದ ಇನ್ನೊಂದು ಬಿಳುಪು,
ಅಂಚು ಚೆದುರಿದ್ದು.

ಎರಡನೆಯದನ್ನೂ ತೆಗೆದೆ. ಕೈ ನಡುಗಲಿಲ್ಲ.
ಹೊರಗೆ ಬಂದು, ಅಂಗಿ ಕೊಡುತ್ತಾ ಅಂದೆ:
‘ಈ ವರ್ಷ ಸರೋವರ ಬೇಗ ಹೆಪ್ಪುಗಟ್ಟುತ್ತದಂತೆ.’

ಆರ್ವೊ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು.
‘ನಲವತ್ತು ವರ್ಷ ಅದನ್ನೇ ಹೇಳಿದೆ, ಮಾರಾಯ್ತಿ.
ಚಿತ್ರ ಚೆನ್ನಾಗಿದ್ದರೆ ನಾನು ಸರೋವರದ ಸುದ್ದಿ ಎತ್ತುತ್ತಲೇ ಇರಲಿಲ್ಲ.’

ಗುಂಡಿ ಹಾಕಿಕೊಂಡರು. ಒಂದು ತಪ್ಪಿತು, ಬಿಚ್ಚಿ ಮತ್ತೆ ಹಾಕಿದರು.
‘ಮರುಚಿತ್ರ ಬೇಕಾಯಿತೇ?’
‘ಇಲ್ಲ.’
‘ಹಾಗಾದರೆ ಸರಿ’ ಎಂದರು,
ಪರೀಕ್ಷೆಯಲ್ಲಿ ನನ್ನನ್ನು ಪಾಸು ಮಾಡಿದ ದಿನದ ದನಿಯಲ್ಲೇ.

ಡಾಕ್ಟರಿಗೆ ಫೋನು ಮಾಡಿದೆ. ಕ್ವೆಂಟಿನನನ್ನು ಮನೆಗಟ್ಟಿದೆ.
ಡಾರ್ಲೀನಳ ನಾಳೆಯ ಪಾಳಿಯಲ್ಲಿ ನನ್ನ ಹೆಸರು ಬರೆದೆ.
ತಿಂಗಳ ತಪ್ಪುಗಳ ದಾಖಲೆ ತೆರೆದರೆ
ಇನೆಜಳ ಮೊಣಕೈ ಮೊದಲ ಸಾಲಿನಲ್ಲಿ.
ಅದರ ಕೆಳಗೆ ಸೇರಿಸಿದೆ:

ಕೋಣೆ ಒಂದು. ಎದೆ.
ತಪ್ಪು: ಗುರುತು ಬೇರೆಯವರದು.
ಮಾಡಿದವರು: ಸೊಲ್ವೇ ಎಲಿಂಗ್ಸನ್.
ಕಾರಣ ಎಂಬ ಖಾನೆ
ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ ಯಂತ್ರ.
ಒಂದು ಚುಕ್ಕಿ ಇಟ್ಟೆ.
ಬಿಟ್ಟಿತು.